ಬೆಟ್ಟಕ್ಕೆ ಮೊದಲು ಊರು

ಬೆಂಗಳೂರಿನ ಶಿವಾಜಿನಗರದ ಪ್ರೌಢಶಾಲೆಯೊಂದರ ಶಿಕ್ಷಕಿ ಒಂಬತ್ತನೇ ತರಗತಿಯ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ನಂದಿಬೆಟ್ಟಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದಾರೆ. ಅದೇ ಬಡಾವಣೆಯಲ್ಲಿ ಇರುವ ಹಿರಿಯ ಗೈಡ್ ಒಬ್ಬರ ಹತ್ತಿರ ಸಲಹೆ ಕೇಳಲು ಬಂದಿದ್ದಾರೆ. ಅವರಿಬ್ಬರ ಮಾತು ಇದು.

ಟೀಚರ್: ಸಾರ್, ಮಕ್ಕಳದ್ದು ಒಂದೇ ಹಟ, ಬೆಟ್ಟದ ಮೇಲೆ ಸೂರ್ಯೋದಯ ನೋಡ್ಬೇಕು ಅಂತ. ಕತ್ತಲಲ್ಲೇ ಬಸ್ ಹೊರಡಿಸೋದು, ಬೆಳಕು ಹರಿಯೋ ಹೊತ್ತಿಗೆ ಮೇಲಿರೋದು, ತಿಂಡಿ, ಟಿಪ್ಪು ಡ್ರಾಪ್, ಫೋಟೋ, ಮಧ್ಯಾಹ್ನಕ್ಕೆ ವಾಪಸ್. ನೀವು ಜತೆಗಿದ್ದು ವಿವರಿಸಿದ್ರೆ ಸಾಕು.

ಗೈಡ್: ಖಂಡಿತ ಬರ್ತೀನಿ ಮೇಡಂ. ಆದ್ರೆ ಒಂದು ಬೇಡಿಕೆ ಇದೆ. ದಿನವನ್ನ ತಿರುಗಿಸಿ ಹಾಕೋಣ. ಬೆಳಗ್ಗೆ ಬುಡದಲ್ಲಿರೋ ನಂದಿ ಊರು, ಮಧ್ಯಾಹ್ನದ ಮೇಲೆ ಬೆಟ್ಟ.

ಟೀಚರ್: ಮಕ್ಕಳು ಒಪ್ಪೋದು ಕಷ್ಟ. ಮಂಜಿನ ಮೇಲೆ ಸೂರ್ಯ ಹುಟ್ಟೋದನ್ನ ಮೊಬೈಲಲ್ಲಿ ನೋಡಿ ನೋಡಿ ಆಸೆ ಪಟ್ಟಿದ್ದಾರೆ.

ಗೈಡ್: ಆ ಆಸೆ ತಪ್ಪಲ್ಲ. ಚಳಿಗಾಲದ ಬೆಳಗ್ಗೆ ತಣ್ಣನೆ ಗಾಳಿ ಕೆಳಗಿನ ಬಯಲಲ್ಲಿ ನಿಂತು ಮೋಡ ಕಟ್ಟುತ್ತೆ, ನಾವು 1,478 ಮೀಟರ್ ಎತ್ತರದಲ್ಲಿ ಅದರ ಮೇಲಿರ್ತೀವಿ. ನಮ್ಮ ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ. ನೋಡೋಕೆ ಚೆಂದವೇ. ಆದ್ರೆ ವಾರದ ಕೊನೆಯಲ್ಲಿ ಆ ಹೊತ್ತಿಗೆ ರಸ್ತೆ ತುಂಬಾ ಕಾರು, ಬೈಕು. ಮಕ್ಕಳು ನಿದ್ದೆಗಣ್ಣಲ್ಲಿ ಹತ್ತಿ, ನೂಕುನುಗ್ಗಲಲ್ಲಿ ನಿಂತು, ಬಿಸಿಲೇರಿದ ಕೂಡಲೇ ಇಳಿದುಬಿಡ್ತಾರೆ. ಬೆಟ್ಟ ಯಾಕಿದೆ, ಅಲ್ಲಿ ಯಾರಿದ್ದರು, ಅಲ್ಲಿಂದ ನಮಗೇನು ಬಂತು, ಒಂದೂ ಗೊತ್ತಾಗಲ್ಲ. ನಮ್ಮ ಶಿವಾಜಿನಗರದ ಮಕ್ಕಳಿಗೆ ಅದು ಗೊತ್ತಾಗ್ಲೇಬೇಕು ಅನ್ನೋದು ನನ್ನ ಆಸೆ.

ಟೀಚರ್: ನಮ್ಮ ಮಕ್ಕಳಿಗೇ ಅಂತ ಯಾಕೆ ಒತ್ತಿ ಹೇಳ್ತೀರಿ?

ಗೈಡ್: ಈ ದಂಡು ಪ್ರದೇಶ ಹುಟ್ಟಿದ ಕತೆಯಲ್ಲಿ ಆ ಬೆಟ್ಟಕ್ಕೂ ಒಂದು ಪಾಲಿದೆ. 1791ರ ಮಾರ್ಚಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಸೈನ್ಯ ಬೆಂಗಳೂರು ಕೋಟೆ ಹಿಡೀತು. ಅವರಿಗೆ ಉತ್ತರದಿಂದ, ನಿಜಾಮನ ಸೀಮೆಯಿಂದ ದವಸ, ದನ ಬರೋ ದಾರಿ ಬೇಕಾಗಿತ್ತು. ಬೆಟ್ಟದ ಮೇಲಿನ ಕೋಟೆ, ಅಂದ್ರೆ ನಂದಿದುರ್ಗ, ಟಿಪ್ಪುವಿನ ಕೈಲಿರೋವರೆಗೆ ಆ ದಾರಿಗೆ ಭದ್ರತೆ ಇರಲಿಲ್ಲ. ಸುತ್ತ ಕಡಿದಾದ ಬಂಡೆ, ಒಂದು ಕಡೆ ಮಾತ್ರ ಹತ್ತೋಕಾಗೋ ಇಳಿಜಾರು. ಆ ಇಳಿಜಾರಿಗೇ ತೋಪುಗಳನ್ನ ಎಳೆದು ಹತ್ತಿಸಿ, ಕೆಲವು ವಾರ ಗೋಡೆ ಒಡೆದು, ಅಕ್ಟೋಬರಲ್ಲಿ ರಾತ್ರಿ ಹೊತ್ತು ನುಗ್ಗಿದರು. ಕೋಟೆಯವರು ಮೇಲಿಂದ ದೊಡ್ಡ ದೊಡ್ಡ ಬಂಡೆ ಉರುಳಿಸಿ ತಡೆಯೋಕೆ ನೋಡಿದರು, ಆದ್ರೂ ಕೋಟೆ ಇಂಗ್ಲಿಷರ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ಪಡೆ ಚಳಿಜ್ವರಕ್ಕೆ ಬಸವಳಿದು 1809ರಲ್ಲಿ ಇಲ್ಲಿ, ಹಲಸೂರಿನ ಪಕ್ಕ ಬೀಡುಬಿಟ್ಟಿತು. ಆ ಪಡೆಗೆ ಮಾಂಸ, ತರಕಾರಿ, ಬಟ್ಟೆ, ಜೀನು ಒದಗಿಸೋಕೆ ಬಂದು ನೆಲೆಸಿದ ಜನರಿಂದಲೇ ನಮ್ಮ ಈ ಪೇಟೆ ಬೆಳೀತು. ಬೆಟ್ಟದ ಮೇಲೆ ನಡೆದ ಯುದ್ಧ ಮಕ್ಕಳಿಗೆ ಪಾಠದ ಒಂದು ಸಾಲಾಗಿ ಉಳೀಬಾರದು, ತಮ್ಮ ಓಣಿಯ ಕತೆಯ ಮೊದಲ ಪುಟ ಅಂತ ತಿಳೀಬೇಕು.

ಟೀಚರ್: ಇದನ್ನ ಹೀಗೆ ಜೋಡಿಸಿ ನಾನೂ ಯಾವತ್ತೂ ಪಾಠ ಮಾಡಿಲ್ಲ.

ಗೈಡ್: ಇನ್ನೂ ಇದೆ. ಬಸ್ ನಿಲ್ದಾಣದಿಂದ ಸ್ವಲ್ಪ ನಡೆದರೆ ಕನ್ನಿಂಗ್‌ಹ್ಯಾಂ ರಸ್ತೆ. ಆ ಕಡೆ ಕಬ್ಬನ್ ರಸ್ತೆ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಫ್ರಾನ್ಸಿಸ್ ಕನ್ನಿಂಗ್‌ಹ್ಯಾಂ ಅವರ ಕೈಕೆಳಗಿನ ಅಧಿಕಾರಿ. ಬೇಸಿಗೆ ಬಂದರೆ ಇಬ್ಬರೂ ನಂದಿಬೆಟ್ಟಕ್ಕೆ ಹೋಗ್ತಿದ್ದರು, ಅಲ್ಲೇ ಬಂಗಲೆ ಕಟ್ಟಿಸಿಕೊಂಡರು. ಈಗ ಜನ ಫೋಟೋ ತೆಗೆಸಿಕೊಳ್ಳೋ ಬಂಗಲೆಗಳ ಮೂಲ ಅದು. ಕಬ್ಬನ್ ನಂತರ ಬಂದ ಬೌರಿಂಗ್ ಹೆಸರು ನಮ್ಮ ಆಸ್ಪತ್ರೆಗಿದೆ. ಮಕ್ಕಳು ದಿನಾ ಓಡಾಡೋ ರಸ್ತೆಗಳ ಹೆಸರೇ ಅವರನ್ನ ಬೆಟ್ಟದವರೆಗೆ ಕರೆದುಕೊಂಡು ಹೋಗುತ್ತೆ.

ಟೀಚರ್: ಹಾಗಾದ್ರೆ ನೇರ ಬೆಟ್ಟಕ್ಕೇ ಹೋಗ್ಬಹುದಲ್ಲ? ಊರು ಯಾಕೆ ಮೊದಲು?

ಗೈಡ್: ಬೆಟ್ಟದ ಮೇಲಿನ ಕತೆ ಬಹುಪಾಲು ಆಳಿದವರದ್ದು. ಕೋಟೆ, ಅರಮನೆ, ಬಂಗಲೆ. ಬುಡದ ಊರು ಅದಕ್ಕಿಂತ ತುಂಬಾ ಹಳೇದು, ಜನ ಬಿಡದೆ ಬದುಕಿದ ಜಾಗ. ಅಲ್ಲಿರೋ ಭೋಗನಂದೀಶ್ವರ ದೇವಸ್ಥಾನಕ್ಕೆ ಸಿಗೋ ಹಳೇ ಉಲ್ಲೇಖ ಕ್ರಿ.ಶ. 806ರ ಸುಮಾರಿನದು, ನೊಳಂಬಾಧಿರಾಜನ ಕಾಲದ್ದು. ಬಾಣ ವಂಶದ ರಾಣಿ ರತ್ನಾವಳಿಯ ಹೆಸರೂ ಅದೇ ಕಾಲದ ತಾಮ್ರಶಾಸನದಲ್ಲಿ ಬರುತ್ತೆ. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಒಬ್ಬೊಬ್ಬರೂ ಒಂದೊಂದು ಸೇರಿಸುತ್ತಾ ಹೋದರು. ಹಿಂದಿನವರು ಕಟ್ಟಿದ್ದನ್ನ ಕೆಡವದೆ, ಅದರ ಪಕ್ಕದಲ್ಲಿ ತಮ್ಮದನ್ನ ಕಟ್ಟಿದರು. ಒಂದೇ ಪ್ರಾಕಾರದಲ್ಲಿ ನಿಂತು ಮಕ್ಕಳು ಏಳೆಂಟು ಶತಮಾನ ಎಣಿಸಬಹುದು. ಇತಿಹಾಸ ಅಂದ್ರೆ ಗೆದ್ದವನು ಸೋತವನು ಅಷ್ಟೇ ಅಲ್ಲ, ಸೇರಿಸುತ್ತಾ ಹೋಗೋದೂ ಇತಿಹಾಸವೇ ಅಂತ ಅಲ್ಲಿ ತೋರಿಸಬಹುದು. ಕೋಟೆ ಮೊದಲು ನೋಡಿದವರಿಗೆ ಆಮೇಲೆ ಇದು ಕಣ್ಣಿಗೆ ಬೀಳೋದು ಕಷ್ಟ.

ಟೀಚರ್: ದೇವಸ್ಥಾನದ ವಿಷಯದಲ್ಲಿ ನನಗೊಂದು ಅಳುಕು ಇದೆ, ಮುಚ್ಚಿಡಲ್ಲ. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮುಸ್ಲಿಂ ಮಕ್ಕಳು, ಕ್ರಿಶ್ಚಿಯನ್ ಮಕ್ಕಳೂ ಇದ್ದಾರೆ. ಮನೆಯವರು ಏನಂತಾರೋ?

ಗೈಡ್: ಮೊದಲೇ ಕರೆಸಿ ಬಿಡಿಸಿ ಹೇಳಿ. ಗರ್ಭಗುಡಿಗೆ ಬರೋದು ಬಿಡೋದು ಆ ಮಗುವಿಗೂ ಮನೆಯವರಿಗೂ ಬಿಟ್ಟದ್ದು, ಯಾರನ್ನೂ ಒತ್ತಾಯ ಮಾಡಬಾರದು. ಆದ್ರೆ ಅದು ಪುರಾತತ್ವ ಇಲಾಖೆ ಕಾಪಾಡ್ತಿರೋ ಸ್ಮಾರಕ. ಅಂಗಳ, ಕಂಬ, ಗೋಡೆ, ಕಲ್ಯಾಣಿ ಎಲ್ಲರೂ ನೋಡೋಕಿರೋದು. ನಮ್ಮ ಮಕ್ಕಳಿಗೆ ಇದು ಹೊಸದಲ್ಲ ಮೇಡಂ. ಸೆಪ್ಟೆಂಬರ್ 8ಕ್ಕೆ ಸೇಂಟ್ ಮೇರಿ ಬೆಸಿಲಿಕಾದಿಂದ ತೇರು ಹೊರಟಾಗ ರಸ್ತೆ ಬದಿ ನಿಲ್ಲೋರು ಯಾರು? ಎಲ್ಲ ಮನೆಯವರೂ ನಿಲ್ತಾರೆ. ನಂದಿಯಲ್ಲೂ ಶಿವರಾತ್ರಿಗೆ ತೇರು ಎಳೀತಾರೆ, ಸುತ್ತಲ ಹಳ್ಳಿ ಪೂರ್ತಿ ಅಲ್ಲಿರುತ್ತೆ. ಆ ಹೋಲಿಕೆಯಿಂದ ಶುರು ಮಾಡಿ, ಮಕ್ಕಳು ತಾವೇ ಮುಂದಕ್ಕೆ ಹೋಗ್ತಾರೆ.

ಟೀಚರ್: ಅಂಗಳದಲ್ಲಿ ಏನು ತೋರಿಸ್ತೀರಿ? ಶಿಲ್ಪ, ಶೈಲಿ, ರಾಜವಂಶ ಅಂತ ಒಂದು ಗಂಟೆ ಹೇಳಿದ್ರೆ ನನ್ನ ಮಕ್ಕಳು ಕೂತಲ್ಲೇ ನಿದ್ದೆ ಹೋಗ್ತಾರೆ.

ಗೈಡ್: ಎರಡೇ ಎರಡು ವಸ್ತು ತೋರಿಸ್ತೀನಿ. ಎಲ್ಲ ತೋರಿಸೋಕೆ ಹೋದವರು ಏನೂ ತೋರಿಸಿದ ಹಾಗಾಗಲ್ಲ. ಮೊದಲನೇದು ಒಂದು ಜಾಲಂಧ್ರ. ಹಳೇ ಗುಡಿಯ ಗೋಡೆಯಲ್ಲಿ ಕಲ್ಲಿನ ಕಿಟಕಿ ಇದೆ. ಹೊರಗಿನಿಂದ ನೋಡಿದ್ರೆ ಕುಣೀತಿರೋ ಶಿವ. ಕೈಕಾಲಿನ ಸಂದುಗಳನ್ನೇ ಆಚೆ ಈಚೆ ತೂತು ಹೊಡೆದಿದ್ದಾರೆ, ಗಾಳಿ ಬೆಳಕು ಅಲ್ಲಿಂದಲೇ ಒಳಗೆ ಬರೋದು. ಮಕ್ಕಳನ್ನ ಎರಡು ಗುಂಪು ಮಾಡ್ತೀನಿ. ಒಂದು ಗುಂಪು ಹೊರಗೆ, ಒಂದು ಗುಂಪು ಒಳಗಿನ ಕತ್ತಲಲ್ಲಿ. ಒಳಗಿದ್ದವರಿಗೆ ಮೂರ್ತಿಯ ಮುಖ ಕಾಣಲ್ಲ, ಸುತ್ತಲ ಬೆಳಕು ಮಾತ್ರ ಕಾಣುತ್ತೆ. ಆಮೇಲೆ ಗುಂಪು ಅದಲು ಬದಲು. ಈ ಕಲ್ಲು ಕೆತ್ತಿದವನು ಗಟ್ಟಿ ಕಲ್ಲಲ್ಲಿ ಗಾಳಿ ಬೆಳಕಿನ ಲೆಕ್ಕ ಹೇಗೆ ಹಾಕಿದ ಅಂತ ಕೇಳ್ತೀನಿ, ಅಷ್ಟೇ. ಉತ್ತರ ಮಕ್ಕಳೇ ಹೇಳ್ತಾರೆ. ಉಳಿ ಒಂದು ಸಲ ಜಾರಿದ್ರೆ ಪೂರ್ತಿ ಕಲ್ಲು ಹಾಳು ಅಂತ ಬಡಗಿಯ ಮಗನೋ, ಮೆಕ್ಯಾನಿಕ್ ಮಗನೋ ತಟ್ಟನೆ ಹೇಳ್ತಾನೆ. ಆ ಮಾತು ನಾನು ಹೇಳಿದ್ರೆ ಅಷ್ಟು ತಟ್ಟಲ್ಲ.

ಟೀಚರ್: ನನ್ನ ತರಗತಿಯಲ್ಲಿ ಅಂಥ ಮನೆಗಳ ಮಕ್ಕಳೇ ಹೆಚ್ಚು. ಎರಡನೇದು?

ಗೈಡ್: ಕಲ್ಯಾಣಿ. ಶೃಂಗಿ ತೀರ್ಥ ಅಂತಾರೆ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬದ ಸಾಲು. ಇಲ್ಲಿಂದಲೇ ದಕ್ಷಿಣ ಪಿನಾಕಿನಿ ಹುಟ್ಟುತ್ತೆ ಅಂತ ಸ್ಥಳದ ನಂಬಿಕೆ. ಮೆಟ್ಟಿಲ ಮೇಲೆ ಮಕ್ಕಳನ್ನ ಕೂರಿಸಿ, ನೀರಿನ ಪಾಠ ಅಲ್ಲೇ ಮಾಡಿ ಮೇಡಂ. ಅದಕ್ಕಿಂತ ಒಳ್ಳೆ ತರಗತಿ ಕೋಣೆ ನಾನು ನೋಡಿಲ್ಲ.

ಟೀಚರ್: ನೀರಿನ ಪಾಠ ಅಂದ್ರೆ ನದಿಗಳ ಹೆಸರು ಬಾಯಿಪಾಠ ಮಾಡಿಸೋದಾ?

ಗೈಡ್: ನದಿಗಳು ಎತ್ತ ಹೋಗ್ತವೆ ಅಂತ ಕೈ ತೋರಿಸೋದು. ಈ ಗುಡ್ಡಸಾಲಲ್ಲಿ ಮಳೆ ಬಿದ್ದರೆ ನೀರು ಬೇರೆ ಬೇರೆ ದಿಕ್ಕು ಹಿಡಿಯುತ್ತೆ. ಉತ್ತರ ಪಿನಾಕಿನಿ ಅನಂತಪುರ, ಕಡಪ ದಾಟಿ ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಮೇಲೆ ಹಾದು ತಮಿಳುನಾಡಿಗಿಳಿದು ಕಡಲೂರಿನ ಹತ್ತಿರ ಕಡಲು ಸೇರುತ್ತೆ. ಚಿತ್ರಾವತಿ ಆಂಧ್ರದ ಕಡೆ ಹೋಗುತ್ತೆ. ಅರ್ಕಾವತಿ ಮಾತ್ರ ನಮ್ಮ ಕಡೆ, ಕಾವೇರಿಗೆ. ಈಗ ಮುಖ್ಯವಾದ ಮಾತು. ಬೆಂಗಳೂರಿಗೆ ಕೊಳವೆ ನೀರು ಮೊದಲು ಬಂದದ್ದು ಹೆಸರಘಟ್ಟ ಕೆರೆಯಿಂದ, 1890ರ ದಶಕದಲ್ಲಿ. ಹೆಸರಘಟ್ಟ ಇರೋದು ಅರ್ಕಾವತಿ ಮೇಲೆ. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು, ಅದೂ ಅರ್ಕಾವತಿಗೇ. ಕಾವೇರಿ ನೀರು 1970ರ ದಶಕದಲ್ಲಿ ಬರೋವರೆಗೆ ಈ ಊರು ಬಹುಮಟ್ಟಿಗೆ ಕುಡಿದದ್ದು ನಂದಿಯ ನೀರು. ನಮ್ಮ ಅಜ್ಜಿಯರು ಬೀದಿ ನಲ್ಲಿ ಮುಂದೆ ಬಿಂದಿಗೆ ಇಟ್ಟು ಕಾದದ್ದು ಆ ನೀರಿಗೇ.

ಟೀಚರ್: ಈಗ ಅರ್ಕಾವತಿ ಸ್ಥಿತಿ ನೋಡಿದ್ರೆ ದುಃಖ ಆಗುತ್ತೆ.

ಗೈಡ್: ಅದನ್ನೂ ಮಕ್ಕಳಿಗೆ ಹೇಳ್ಬೇಕು. ಕೆರೆ ಕಾಲುವೆ ಮುಚ್ಚಿದೆವು, ಕೊಳವೆ ಬಾವಿ ಆಳಕ್ಕೆ ಕೊರೆದೆವು, ಗುಡ್ಡಗಳಲ್ಲಿ ಕಲ್ಲು ಗಣಿಗಾರಿಕೆ ಆಯ್ತು. ಹೊಳೆಗೆ ಬರಬೇಕಾದ ಹರಿವು ನಿಂತುಹೋಯ್ತು. ಇನ್ನೊಂದು ವಿಷಯ ಮಕ್ಕಳಿಗೆ ತಪ್ಪದೆ ತಿಳೀಲಿ. ಈಗ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧಿ ಮಾಡಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಂದಿ ಇರೋ ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳಿಗೆ ಪಂಪು ಮಾಡ್ತಾರೆ. ಅಂತರ್ಜಲ ಏರಲಿ ಅನ್ನೋದು ಉದ್ದೇಶ. ಒಣಗಿದ ಕೆರೆ ತುಂಬಿದ್ದನ್ನ ನೋಡಿ ಸಂತೋಷಪಟ್ಟ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಬಿಡಿ ಅಂತ ಹೋರಾಟ ಮಾಡ್ತಿರೋರೂ ಇದ್ದಾರೆ. ಆ ಬೇಡಿಕೆ ನ್ಯಾಯವಾದದ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆ ಸೀಮೆ ನಮಗೆ ಬೆಟ್ಟದ ನೀರು ಕೊಟ್ಟಿತ್ತು. ನಾವು ವಾಪಸ್ ಕೊಡೋದೂ ನಂಬಿ ಬಳಸೋ ಹಾಗಿರ್ಬೇಕು. ಇದು ಒಂಬತ್ತನೇ ತರಗತಿ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗುತ್ತೆ.

ಟೀಚರ್: ಆಗುತ್ತೆ. ಮನೆಗೆ ಟ್ಯಾಂಕರ್ ಬರೋ ದಿನ ಶಾಲೆಗೆ ತಡವಾಗಿ ಬರೋ ಮಕ್ಕಳವರು. ನೀರಿನ ಬೆಲೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸರಿ ಸಾರ್, ಊರು ಮೊದಲು ಅನ್ನೋದಕ್ಕೆ ಅರ್ಧ ಒಪ್ಪಿದೆ. ಊರಲ್ಲಿ ದೇವಸ್ಥಾನ ಬಿಟ್ಟರೆ ಏನಿದೆ?

ಗೈಡ್: ರೈಲು ನಿಲ್ದಾಣ ಇದೆ. ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲು ಶುರುವಾದದ್ದು 1915ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಎರಡೂವರೆ ಅಡಿ ಅಗಲದ ಕಿರಿದಾದ ಹಳಿ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ನಂದಿಯ ಪಕ್ಕದಲ್ಲೇ ಇದೆ. ಈಗ ದೊಡ್ಡ ಹಳಿ ಬಂದಿದೆ, ಆದ್ರೆ ನಂದಿ, ಆವತಿ, ದೇವನಹಳ್ಳಿ, ದೊಡ್ಡಜಾಲದ ಹಳೇ ನಿಲ್ದಾಣಗಳ ಕಲ್ಲಿನ ಕಟ್ಟಡ, ಹೆಂಚಿನ ಮಾಡು ಉಳಿದಿವೆ. ಪಾಳುಬಿದ್ದಿದ್ದ ಅವನ್ನ ಪರಂಪರೆ ಕಾಪಾಡೋ ಇನ್‌ಟ್ಯಾಕ್ ಸಂಸ್ಥೆಯವರು ಮತ್ತೆ ಸರಿಮಾಡಿಸಿದ್ದಾರೆ. ನಮ್ಮ ಕಂಟೋನ್ಮೆಂಟ್ ನಿಲ್ದಾಣ 1864ರದ್ದು, ಮದ್ರಾಸ್ ಕಡೆಯಿಂದ ಜೋಲಾರಪೇಟೆ ಮೇಲೆ ಬಂದ ಮೊದಲ ರೈಲಿನ ಕಾಲದ್ದು. ಅದನ್ನ ನೋಡಿ ಇದನ್ನ ನೋಡಿದ್ರೆ, ದಂಡಿಗಾಗಿ ಹಾಕಿದ ರೈಲು ಯಾವುದು, ರೈತನ ದವಸಕ್ಕಾಗಿ, ಹಳ್ಳಿಗಾಗಿ ಹಾಕಿದ ರೈಲು ಯಾವುದು ಅಂತ ಮಕ್ಕಳೇ ಹೇಳ್ತಾರೆ.

ಟೀಚರ್: ಊರಿನ ಜನರ ಜತೆ ಮಾತಾಡಿಸೋಕಾಗುತ್ತಾ?

ಗೈಡ್: ಅದೇ ಮುಖ್ಯ ಮೇಡಂ. ಸುತ್ತ ದ್ರಾಕ್ಷಿ ತೋಟ, ಗುಲಾಬಿ, ಸೇವಂತಿಗೆ, ಆಲೂಗೆಡ್ಡೆ, ಹಿಪ್ಪುನೇರಳೆ. ರೇಷ್ಮೆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತೆ. ಹೂವು, ಹಣ್ಣು, ತರಕಾರಿ ಬೆಂಗಳೂರಿಗೆ ಬರುತ್ತೆ. ನಮ್ಮ ರಸೆಲ್ ಮಾರ್ಕೆಟ್ಟಲ್ಲಿ ಹೂವು ಕಟ್ಟೋರ ಮಕ್ಕಳು ನಿಮ್ಮ ಶಾಲೆಯಲ್ಲಿದ್ದಾರೆ. ಅವರಿಗೆ ಗಿಡದ ಹತ್ತಿರ ನಿಂತು ರೈತನನ್ನ ಕೇಳೋಕೆ ಅವಕಾಶ ಕೊಡಿ. ಎಷ್ಟು ಹೊತ್ತಿಗೆ ಕೀಳ್ತೀರಿ, ಕಟ್ಟಿಗೆ ಎಷ್ಟು ಸಿಗುತ್ತೆ, ದಲ್ಲಾಳಿ ಎಷ್ಟು ಹಿಡೀತಾನೆ. ಆ ಮಕ್ಕಳಿಗೆ ಮಾರುಕಟ್ಟೆ ದರ ಬಾಯಲ್ಲೇ ಇರುತ್ತೆ. ರೈತನಿಗೆ ಸಿಕ್ಕಿದ್ದಕ್ಕೂ ತಮ್ಮ ಓಣಿಯಲ್ಲಿ ಮಾರೋದಕ್ಕೂ ಇರೋ ಅಂತರ ಅವರೇ ಲೆಕ್ಕ ಹಾಕ್ತಾರೆ.

ಟೀಚರ್: ಪ್ರವಾಸ ಅಂದ್ರೆ ಇಷ್ಟೆಲ್ಲ ಇರುತ್ತೆ ಅಂತ ಯಾರೂ ಮಾಡಿ ತೋರಿಸಲ್ಲ. ಬೇರೆ ದೇಶಗಳಲ್ಲಿ ಹೇಗೆ?

ಗೈಡ್: ಮೆಕ್ಸಿಕೋದಲ್ಲಿ ಟಾಸ್ಕೋ ಅಂತ ಬೆಟ್ಟದ ಊರಿದೆ. ಬೆಳ್ಳಿ ಗಣಿಯಿಂದ ಬೆಳೆದದ್ದು. ಗಣಿ ಒಡೆಯ ಹೋಸೆ ದೆ ಲಾ ಬೋರ್ದಾ 18ನೇ ಶತಮಾನದಲ್ಲಿ ಅಲ್ಲಿ ಸಾಂತಾ ಪ್ರಿಸ್ಕಾ ಚರ್ಚು ಕಟ್ಟಿಸಿದ. ಮೆಕ್ಸಿಕೋ ನಗರದಿಂದ ಗೈಡ್ ಜತೆ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರೋರು ತುಂಬಾ ಜನ. ಅವರು ಊರಿನ ಕಲ್ಲು ಹಾಸಿದ ಓಣಿಗಳಲ್ಲೇ ನಡೀತಾರೆ, ಬೆಳ್ಳಿ ಕೆಲಸದವರ ಅಂಗಡಿಗೇ ಹೋಗ್ತಾರೆ, ಅಲ್ಲೇ ಊಟ ಮಾಡ್ತಾರೆ. 2001ರಿಂದ ಆ ದೇಶದ ಸರ್ಕಾರ ಇಂಥ ಹಳೇ ಊರುಗಳನ್ನ ಗುರುತಿಸಿ ಪ್ರವಾಸಿಗಳನ್ನ ಕರೆಯೋ ಯೋಜನೆ ನಡೆಸ್ತಿದೆ. ಬೆಲೆ ಏರೋದು, ಜನಜಂಗುಳಿ, ಆ ತೊಂದರೆ ಅಲ್ಲೂ ಇದೆ. ಆದ್ರೆ ನೋಡೋಕೆ ಬಂದವರು ಊರಲ್ಲೇ ಇಳೀತಾರೆ. ನಂದಿಗೆ ಬರೋ ಹೆಚ್ಚಿನವರು ಊರಿಗೆ ಹೋಗೋದೇ ಇಲ್ಲ. ಬೆಟ್ಟದಲ್ಲಿ ಕಸ ಉಳಿಯುತ್ತೆ, ಊರಿಗೆ ಕಾಸು ಉಳಿಯಲ್ಲ. ಇದು ಬದಲಾಗ್ಬೇಕು. ನಿಮ್ಮ ಮಕ್ಕಳ ಮಧ್ಯಾಹ್ನದ ಊಟ ಇಲ್ಲಿಂದ ಕಟ್ಟಿಸಿಕೊಂಡು ಹೋಗ್ಬೇಡಿ. ನಂದಿಯಲ್ಲೇ ಅಡುಗೆ ಮಾಡೋ ಹೆಂಗಸರಿಗೆ ಮೊದಲೇ ಹೇಳಿಡೋಣ. ರಾಗಿ ಮುದ್ದೆ, ಅವರೆಕಾಳಿನ ಸಾರು, ಅನ್ನ, ಮಜ್ಜಿಗೆ.

ಟೀಚರ್: ಮಧ್ಯಾಹ್ನದ ಮೇಲೆ ಬೆಟ್ಟ ಅಂದ್ರಿ. ಮೇಲೆ ಏನು ಬಿಡ್ತೀರಿ, ಏನು ಹಿಡೀತೀರಿ?

ಗೈಡ್: ಟಿಪ್ಪುವಿನ ಬೇಸಿಗೆ ಅರಮನೆ, ಅಮೃತ ಸರೋವರ, ಯೋಗನಂದೀಶ್ವರ ಗುಡಿ, ಗಾಂಧೀಜಿ ತಂಗಿದ್ದ ಜಾಗ. ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಬಂಡೆ ಹತ್ತಿರ ಕಂಬಿಯಿಂದ ಹಿಂದೆಯೇ ನಿಲ್ಲಿಸ್ತೀನಿ. ಕೈದಿಗಳನ್ನ ಅಲ್ಲಿಂದ ತಳ್ಳುತ್ತಿದ್ದರು ಅನ್ನೋದನ್ನ ಜನರ ಬಾಯಲ್ಲಿರೋ ಕತೆ ಅಂತಲೇ ಹೇಳ್ತೀನಿ, ಚರಿತ್ರೆ ಅಂತ ಹೇಳಲ್ಲ. ನಮ್ಮ ಬಾಯಿಂದ ಬಂದದ್ದನ್ನ ಮಕ್ಕಳು ಸತ್ಯ ಅಂತಲೇ ಮನೆಗೆ ತೆಗೆದುಕೊಂಡು ಹೋಗ್ತಾರೆ. ರೋಮಾಂಚನಕ್ಕೋಸ್ಕರ ಒಬ್ಬ ಸತ್ತ ಮನುಷ್ಯನ ಮೇಲೆ ಆಪಾದನೆ ಹೊರಿಸೋದು ಗೈಡ್ ಮಾಡೋ ಕೆಲಸ ಅಲ್ಲ.

ಟೀಚರ್: ಗಾಂಧೀಜಿ ವಿಷಯ ಹೇಳಿ, ನನಗೂ ಪೂರ್ತಿ ಗೊತ್ತಿಲ್ಲ.

ಗೈಡ್: 1927ರಲ್ಲಿ ಊರೂರು ಸುತ್ತಿ ಆರೋಗ್ಯ ಕೆಟ್ಟಿತ್ತು, ರಕ್ತದೊತ್ತಡ ಏರಿತ್ತು. ಏಪ್ರಿಲ್‌ನಲ್ಲಿ ನಂದಿಗೆ ಬಂದು ಜೂನ್ ಮೊದಲವರೆಗೆ ವಿಶ್ರಾಂತಿ ಪಡೆದರು, ಅಲ್ಲಿಂದ ಬೆಂಗಳೂರಿಗೆ ಇಳಿದರು. 1936ರಲ್ಲಿ ಮತ್ತೆ ಬಂದರು. ಇಂಗ್ಲಿಷರು ತಮ್ಮ ಸುಖಕ್ಕೆ ಕಟ್ಟಿಕೊಂಡ ಬೆಟ್ಟದಲ್ಲಿ ಅವರ ಆಳ್ವಿಕೆಗೆ ಎದುರು ನಿಂತವರು ಚೇತರಿಸಿಕೊಂಡರು. 1986ರ ನವೆಂಬರಲ್ಲಿ ಬೆಂಗಳೂರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಶೃಂಗಸಭೆ ಆದಾಗ ಏಳು ದೇಶದ ನಾಯಕರು ಅದೇ ಬೆಟ್ಟದಲ್ಲಿ ಕೂತು ಮಾತಾಡಿದರು. 1791ರಲ್ಲಿ ತೋಪು ಎಳೆದು ಹತ್ತಿದ ಜಾಗಕ್ಕೆ ಭಾರತ, ಪಾಕಿಸ್ತಾನ, ಬಾಂಗ್ಲಾದವರು ಒಟ್ಟಿಗೆ ಬಂದು ಕೂತರು. ನಮ್ಮ ಓಣಿಯ ಮಕ್ಕಳಿಗೆ ಇದನ್ನ ನಾನು ತುಂಬಾ ಪ್ರೀತಿಯಿಂದ ಹೇಳ್ತೀನಿ.

ಟೀಚರ್: ಭದ್ರತೆ ಬಗ್ಗೆ ಹೇಳಿ. ಹೆಡ್ಮೇಷ್ಟ್ರು ಮೊದಲು ಕೇಳೋದು ಅದನ್ನೇ.

ಗೈಡ್: ಮಳೆಗಾಲದಲ್ಲಿ ಬೇಡ. 2021ರ ಆಗಸ್ಟಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆ ಕೊಚ್ಚಿಹೋಗಿತ್ತು, ತಿಂಗಳುಗಟ್ಟಲೆ ಮುಚ್ಚಿದ್ದರು. ಶನಿವಾರ ಭಾನುವಾರ ಬೇಡ, ವಾರದ ನಡುವೆ ಹೋಗೋಣ. ತಿಂಡಿ ಪೊಟ್ಟಣ ಕೈಲಿ ಹಿಡಿಯೋದು ಬೇಡ, ಕೋತಿಗಳು ಬಿಡಲ್ಲ. ಪ್ಲಾಸ್ಟಿಕ್ ಬಾಟಲಿ ಬೇಡ, ಒಬ್ಬೊಬ್ಬರಿಗೂ ಸ್ಟೀಲ್ ಬಾಟಲಿ. ಬಂಡೆ ಅಂಚಿಗೆ ಯಾರೂ ಹೋಗೋ ಹಾಗಿಲ್ಲ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲಿ, ತಾಯಂದಿರನ್ನೂ ಕರೀರಿ. ಅವರಲ್ಲಿ ಎಷ್ಟೋ ಜನ ನಂದಿ ನೋಡಿರಲ್ಲ.

ಟೀಚರ್: ತಾಯಂದಿರ ವಿಷಯ ನನಗೆ ಹೊಳೆದೇ ಇರಲಿಲ್ಲ. ಆದ್ರೆ ಸೂರ್ಯೋದಯ ಪೂರ್ತಿ ಬಿಡಿಸೋದು ಸರಿ ಅಂತ ಅನಿಸ್ತಿಲ್ಲ ಸಾರ್. ಮಕ್ಕಳ ಆಸೆಯನ್ನ ತಳ್ಳಿಹಾಕಿ ಪಾಠ ಮಾಡಿದ್ರೆ ಪಾಠವೇ ಬೇಡ ಅನಿಸಿಬಿಡುತ್ತೆ. ಅದರ ಬದಲು ಸಂಜೆ ಸ್ವಲ್ಪ ಹೆಚ್ಚು ಹೊತ್ತು ಬೆಟ್ಟದ ಮೇಲೆ ಇರೋಣ. ಇಳಿಬಿಸಿಲಲ್ಲಿ ಪಶ್ಚಿಮದ ಬಯಲು ನೋಡಲಿ. ಬಾಗಿಲು ಹಾಕೋ ಮೊದಲು ಇಳಿಯೋಣ.

ಗೈಡ್: ಒಪ್ಪಿದೆ. ಅದು ನನ್ನ ಯೋಜನೆಗಿಂತ ಒಳ್ಳೇದು. ಬೆಳಗ್ಗೆ ನೀರಿನ ಹತ್ತಿರ ಕೂತು ಅರ್ಕಾವತಿ ಯಾವ ಕಡೆ ಅಂತ ಕೇಳಿದವರು, ಸಂಜೆ ಮೇಲಿಂದ ಆ ಕಡೆಯನ್ನ ತಾವೇ ಗುರುತಿಸ್ತಾರೆ.

ಟೀಚರ್: ಇನ್ನೊಂದು. ವಾಪಸ್ ಬಂದ ಮೇಲೆ ಪ್ರಬಂಧ ಬರೆಸಲ್ಲ. ಹೋಗೋ ಮುಂಚೆ ಒಬ್ಬೊಬ್ಬರೂ ಮನೆಯಲ್ಲಿ ಹಿರಿಯರನ್ನ ಕೇಳಿ, ಆ ಸೀಮೆಗೂ ತಮ್ಮ ಮನೆಗೂ ಇರೋ ಒಂದು ನಂಟು ಹುಡುಕಿಕೊಂಡು ಬರಬೇಕು. ಹೂವೋ, ಹಣ್ಣೋ, ರೇಷ್ಮೆಯೋ, ಕೂಲಿಗೆ ಹೋದದ್ದೋ, ಮದುವೆ ಸಂಬಂಧವೋ. ಅದನ್ನ ನಂದಿಯಲ್ಲಿ ಊಟಕ್ಕೆ ಕೂತಾಗ ಊರಿನವರ ಮುಂದೆ ಹೇಳ್ಬೇಕು. ಊರಿನವರು ನಮ್ಮನ್ನ ನೋಡೋಕೆ ಬಂದ ಜನ ಅಂದುಕೊಳ್ಳಬಾರದು, ನೆಂಟರು ಅಂದುಕೊಳ್ಳಬೇಕು.

ಗೈಡ್: ಹಾಗಾದ್ರೆ ದಿನ ಗೊತ್ತು ಮಾಡಿ ಮೇಡಂ. ನಾನು ನಾಳೆಯೇ ಊರಿನವರ ಜತೆ ಮಾತಾಡಿ ಊಟದ ಏರ್ಪಾಡು ಕೇಳ್ತೀನಿ.